ಕಿರುಬೆರಳಿಗೊಂದು ಬೀಟೆಯ ಬಳೆ

ದೊಡ್ಡಬಳ್ಳಾಪುರದಲ್ಲಿ ಕೋಳಿ ಕೂಗುವುದು ಯಾರಿಗೂ ಕೇಳಿಸುವುದಿಲ್ಲ. ಅಷ್ಟೊತ್ತಿಗಾಗಲೇ ಮಗ್ಗಗಳು ಶುರುವಾಗಿರುತ್ತವೆ. ಆ ಗದ್ದಲದ ನಡುವೆ ಮುನಿಕೃಷ್ಣ ತಮ್ಮ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಎರಡು ಪಾದಗಳ ನಡುವೆ ಬೀಟೆ ಮರದ ಒಂದು ಪುಟ್ಟ ತುಂಡು. ನಾಲ್ಕು ಸಲ ಅರ ಹಾಕುತ್ತಾರೆ, ಉಫ್ ಎಂದು ಪುಡಿ ಊದುತ್ತಾರೆ, ತುಂಡನ್ನೆತ್ತಿ ಕೆಳತುಟಿಗೆ ಒತ್ತಿ ನೋಡುತ್ತಾರೆ. ಮುತ್ತು ಕೊಡುತ್ತಿದ್ದಾರೇನೋ ಎಂದು ನಾನು ನಕ್ಕೆ.

"ಬೆರಳೆಲ್ಲ ದಡ್ಡುಗಟ್ಟೋಗವೆ ಸ್ವಾಮಿ, ಅವಕ್ಕೆ ಏನೂ ತಿಳಿಯಾಕಿಲ್ಲ. ತುಟಿಗೆ ತಿಳೀತದೆ, ಎಲ್ಲಿ ತರಿ ಐತೆ, ಎಲ್ಲಿ ನುಣುಪು ಅಂತ."

ಐವತ್ತೆಂಟರ ಮುನಿಕೃಷ್ಣ ಮೂಲತಃ ಲಾಳಿ ಮಾಡುವವರು. ಮಗ್ಗದಲ್ಲಿ ಹೊಕ್ಕಿನ ನೂಲನ್ನು ಹೊತ್ತು ಅತ್ತಿಂದಿತ್ತ ಓಡುವ ಮರದ ಲಾಳಿ. ಹೊಸದಾದರೆ ದಿನಕ್ಕೆ ಎರಡು, ಸವೆದದ್ದರ ರಿಪೇರಿಯಾದರೆ ಐದಾರು. ಇತ್ತೀಚೆಗೆ ಕಾರ್ಖಾನೆಯ ಲಾಳಿಗಳು ಪೆಟ್ಟಿಗೆಗಟ್ಟಲೆ ಬಂದು ಬೀಳುತ್ತಿರುವುದರಿಂದ ಈ ಲೆಕ್ಕವೂ ಇಳಿಯುತ್ತಿದೆ. ಆದರೆ ನಾನು ಬೆಳಗಿನ ಮೊದಲ ಬಸ್ಸು ಹಿಡಿದು ಬಂದದ್ದು ಲಾಳಿ ನೋಡುವುದಕ್ಕಲ್ಲ. ಈ ಊರಲ್ಲಿ ಪಿಸ್ತೂಲಿಗೆ ಬಳೆ ತೊಡಿಸುವವರೊಬ್ಬರಿದ್ದಾರೆ ಎಂದು ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರು ಹೇಳಿದ್ದರು. ಭಾನುವಾರದ ಪುರವಣಿಗೆ ಇದಕ್ಕಿಂತ ಇನ್ನೇನು ಬೇಕು?

ಬಳೆ ಎಂದರೆ ಇಷ್ಟೇ. ಜೇಬಿನಲ್ಲಿ ಹಿಡಿಸುವ ಪುಟ್ಟ ಪಿಸ್ತೂಲಿಗೆ ಹಿಡಿಯೂ ಪುಟ್ಟದು. ಮೂರು ಬೆರಳು ಕೂತರೆ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಗುಂಡು ತುಂಬಿ ಹಿಡಿಯೊಳಗೆ ತೂರಿಸುವ ತಗಡಿನ ಗೂಡಿಗೆ ಮ್ಯಾಗಜಿನ್ ಎನ್ನುತ್ತಾರೆ; ಹೆಚ್ಚು ಗುಂಡು ಹಿಡಿಸಲೆಂದು ಕೆಲವರು ಉದ್ದದ್ದನ್ನು ಹಾಕಿಸಿಕೊಳ್ಳುತ್ತಾರೆ. ಅದು ಹಿಡಿಯಿಂದ ಕೆಳಗೆ ಹೆಬ್ಬೆರಳಗಲ ಹೊರಗೆ ಇಣುಕುತ್ತದೆ. ಆ ಬೋಳು ತಗಡಿನ ಸುತ್ತ ಮರದ ಬಳೆ ತೊಡಿಸಿದರೆ ಹಿಡಿ ಉದ್ದವಾಗುತ್ತದೆ, ಕಿರುಬೆರಳಿಗೂ ಒಂದು ಜಾಗ ಸಿಗುತ್ತದೆ. ಲೈಸೆನ್ಸು ಇರುವವರು ಬಾಯಿಂದ ಬಾಯಿಗೆ ಕೇಳಿಕೊಂಡು ಇವರ ಜಗಲಿಗೆ ಬರುತ್ತಾರೆ. ಜಗಲಿಗೆ ಮಾತ್ರ. ಹೊಸ್ತಿಲು ದಾಟುವ ಹಾಗಿಲ್ಲ.

"ಒಳಗೆ ಮಗ್ಗ ಐತೆ, ದೇವರೈತೆ. ಜೀವ ತೆಗೆಯೋ ಸಾಮಾನು ಅದ್ಯಾಕೆ ಒಳಗೆ?" ಎಂದು ಕಾಫಿ ಲೋಟ ಕುಕ್ಕಿ ಹೋಗುತ್ತಾರೆ ಹೆಂಡತಿ ಅನುಸೂಯಮ್ಮ. ಬಳೆಯ ವಿಷಯ ತೆಗೆದರೆ ಅವರ ಮುಖ ಬಿಗಿಯುತ್ತದೆ. ಏಕೆಂದು ನನಗೆ ಆಮೇಲೆ ಗೊತ್ತಾಯಿತು.

ಮುನಿಕೃಷ್ಣ ಮೊದಲ ಬಳೆ ಮಾಡಿದ್ದು ತೊಂಬತ್ತೊಂದರ ಶಿವರಾತ್ರಿಯ ಹೊತ್ತಿಗೆ. ಊರಿನ ನೂಲಿನ ಸಾಹುಕಾರರೊಬ್ಬರ ಹತ್ತಿರ ಹಳೇ ಫಾರಿನ್ ಪಿಸ್ತೂಲಿತ್ತು. ಅದನ್ನು ಹೊತ್ತು ಅವರ ಜೊತೆ ಓಡಾಡುತ್ತಿದ್ದವರು ಹೊಸಕೋಟೆ ತಾಲ್ಲೂಕು ಸಮೇತನಹಳ್ಳಿಯ ಚಿನ್ನಸ್ವಾಮಿ, ಮಿಲಿಟರಿಯಿಂದ ಪೆನ್ಷನ್ ಆಗಿ ಬಂದ ಆಳು. ಕಾವಲಿನವರೆಂದು ಅವರ ಹೆಸರೂ ಲೈಸೆನ್ಸಿನಲ್ಲಿ ಸೇರಿತ್ತು. ಲಾಳಿ ಕೊಳ್ಳಲು ಸಾಹುಕಾರರ ಜೊತೆ ಬಂದಾಗ ಚಿನ್ನಸ್ವಾಮಿಯೇ ಕೇಳಿದ್ದರು. "ಗುರು, ಈ ಕಿರುಬೆರಳು ಅನಾಥ ಆಗ್ಬಿಟ್ಟಿದೆ, ಇದಕ್ಕೊಂದು ದಾರಿ ಮಾಡಪ್ಪ!"

ಲಾಳಿಗೆ ಉಳಿದ ಬೀಟೆ ತುಂಡಿನಲ್ಲಿ ಮುನಿಕೃಷ್ಣ ದಾರಿ ಮಾಡಿಕೊಟ್ಟರು. ಖಾಲಿ ಪಿಸ್ತೂಲನ್ನು ಜಗಲಿಯ ಮೇಲೆ ಇಟ್ಟುಕೊಂಡು, ಮ್ಯಾಗಜಿನ್ ಹಾಕಿ ತೆಗೆದು, ತೆಗೆದು ಹಾಕಿ ಕೂರಿಸಿದರು. ಲಾಳಿಯವರ ಹಟವೇ ಹಾಗೆ. ಎರಡು ಮರ ಸೇರುವಲ್ಲಿ ಉಗುರು ತೂರಬಾರದು, ನೂಲು ಸಿಕ್ಕಿಕೊಳ್ಳುತ್ತದೆ. ಬಳೆಯೂ ಪಿಸ್ತೂಲಿನ ಬುಡಕ್ಕೆ ಗೆರೆ ಕಾಣದಂತೆ ಅಂಟಿ ನಿಂತಿತು. ಲಾಳಿಯಾದರೆ ಎಣ್ಣೆಯಲ್ಲಿ ನೆನೆಹಾಕುತ್ತಾರೆ. ಇದಕ್ಕೆ ಎಣ್ಣೆ ಹಾಕಿದರೆ ಕೈ ಜಾರೀತು ಎಂದು ಹಾಗೇ ಬಿಟ್ಟರು. ಚಿನ್ನಸ್ವಾಮಿ ಕುಣಿದಾಡಿದರಂತೆ. ಸಾಹುಕಾರರು ಕಂಡಕಂಡವರಿಗೆಲ್ಲ ತೋರಿಸಿದರಂತೆ.

ನಾನು ಬರೆದುಕೊಳ್ಳುತ್ತಿದ್ದೆ. ಗೆರೆ ಕಾಣದ ಜೋಡಣೆ, ಆಹಾ, ಇದೇ ತಲೆಬರಹ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಮುನಿಕೃಷ್ಣ ಅರ ಕೆಳಗಿಟ್ಟರು.

"ಅದನ್ನ ಬರೀಬೇಡಿ ಸ್ವಾಮಿ. ಅದೇ ಗೆರೆ ಕಾಣದೇ ಇದ್ದಿದ್ದಕ್ಕೆ ಒಬ್ಬನ ಬಾಳು ಹಾಳಾಗೋಯ್ತು."

ಆ ವರ್ಷದ ಆಷಾಢದಲ್ಲಿ ವಾರಗಟ್ಟಲೆ ಜಡಿಮಳೆ. ರಾಜಘಟ್ಟದ ಹತ್ತಿರ ಸಾಹುಕಾರರ ಜೀಪಿಗೆ ಅಡ್ಡಲಾಗಿ ಯಾರೋ ಮರದ ಕೊಂಬೆ ಹಾಕಿದ್ದರು. ನಾಲ್ಕು ಜನ ಮಚ್ಚು ಹಿಡಿದು ಬಂದರು. ಚಿನ್ನಸ್ವಾಮಿ ಕೆಳಗಿಳಿದು, ಮ್ಯಾಗಜಿನ್ ಹಾಕಿ, ಗಾಳಿಯಲ್ಲಿ ಒಂದು ಗುಂಡು ಹಾರಿಸಿದರು. ಅಷ್ಟೇ. ಆ ಒದೆತಕ್ಕೆ ಮ್ಯಾಗಜಿನ್ ಜಾರಿ ಕೆಸರಿಗೆ ಬಿತ್ತು. ಚಿನ್ನಸ್ವಾಮಿಯ ಹೆಗಲಿಗೆ ಮಚ್ಚಿನೇಟು ಬಿತ್ತು, ಸಾಹುಕಾರರ ದುಡ್ಡಿನ ಚೀಲ ಹೋಯಿತು. ಮಿಲಿಟರಿಯವನಂತೆ, ಮ್ಯಾಗಜಿನ್ ನೆಟ್ಟಗೆ ಹಾಕಲು ಬರಲಿಲ್ಲವಂತೆ ಎಂದು ಊರೆಲ್ಲ ನಕ್ಕಿತು. ಹೆಗಲಿನ ಹೊಲಿಗೆ ಬಿಚ್ಚುವ ಮೊದಲೇ ಕೆಲಸ ಹೋಗಿತ್ತು.

ಪೊಲೀಸರು ಪಿಸ್ತೂಲನ್ನು ವಾಪಸ್ಸು ಕೊಟ್ಟಾಗ ಇನ್ನೂ ಮಳೆ ಹಿಡಿದೇ ಇತ್ತು. ಕೆಸರಿಗೆ ಬಿದ್ದು ಗೀರಾದ ಬಳೆಯನ್ನು ಪಾಲಿಶ್ ಮಾಡಿಕೊಡೆಂದು ಸಾಹುಕಾರರೇ ತಂದುಕೊಟ್ಟರು. ಅವರು ಪಕ್ಕದ ಅಂಗಡಿಗೆ ಬೀಡಿ ತರಲು ಹೋದಾಗ ಮುನಿಕೃಷ್ಣ ಮ್ಯಾಗಜಿನ್ ತೂರಿಸಿ ನೋಡಿದರು.

"ಪೂರ್ತಿ ಹೋದಂಗೇ ಕಾಣ್ತದೆ. ಆದ್ರೆ 'ಟಕ್' ಅನ್ನಲಿಲ್ಲ. ಬಳೆ ನೀರು ಕುಡಿದು ಊದ್ಕೊಂಡು, ಮ್ಯಾಗಜಿನ್ನ ಒಂದು ಕೂದಲೆಳೆ ಕೆಳಗೇ ತಡೆದುಬಿಟ್ಟಿತ್ತು. ಅದನ್ನ ಒಳಗೆ ಹಿಡ್ಕೊಳ್ಳೋ ಕೊಂಡಿ ಬೀಳೋಕೆ ಆಗಿರಲಿಲ್ಲ ಸ್ವಾಮಿ."

"ಸಾಹುಕಾರರಿಗೆ ಹೇಳಿದಿರಾ?"

"ಎಲ್ಲಿ ಹೇಳ್ಲಿ! ಪೊಲೀಸು ಅಂದ್ರೆ ನಂಗೆ ಭಯ. ಅವ್ರು ವಾಪಸ್ ಬರೋದ್ರೊಳಗೆ ಮೇಲಂಚನ್ನ ಗುಟ್ಟಾಗಿ ತೇದ್ಬಿಟ್ಟೆ. ಅವ್ರು ಬಂದು ಹಾಕ್ದ್ರು, ಟಕ್ ಅಂತು. 'ನೋಡು, ನನ್ನ ಕೈಲಿ ಎಷ್ಟು ಚೆನ್ನಾಗಿ ಕೂರ್ತದೆ, ಆ ನನ್ಮಗನಿಗೆ ಬರಲಿಲ್ಲ' ಅಂದ್ರು. ನಾನು ಹೂಂ ಅಂದೆ. ಹೂಂ ಅಂದ್ಬಿಟ್ಟೆ ಸ್ವಾಮಿ."

ಸಾಹುಕಾರರು ಈಗಿಲ್ಲ. ಆ ದಿನ ಜಗಲಿಯಲ್ಲಿ ನಡೆದದ್ದು ಅನುಸೂಯಮ್ಮನವರಿಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು. ಅಲ್ಲಿಂದ ಈಚೆಗಿನ ಈ ಆರು ವರ್ಷದಲ್ಲಿ ಮುನಿಕೃಷ್ಣ ಎರಡು ಸಲ ಸಮೇತನಹಳ್ಳಿಗೆ ಹೋಗಿದ್ದಾರೆ, ಎಲ್ಲ ಹೇಳಿಬಿಡುತ್ತೇನೆಂದು. ಚಿನ್ನಸ್ವಾಮಿಯ ಹೆಂಡತಿ ಮುನಿರತ್ನಮ್ಮ ಎರಡು ಸಲವೂ ಮುದ್ದೆ ಹಾಕಿ, ಅವರೆಕಾಳು ಸಾರು ಬಡಿಸಿ, "ಇನ್ನೊಂದು ಚೂರು ಹಾಕಿಸ್ಕೊಳ್ಳಣ್ಣ" ಎಂದು ಉಪಚಾರ ಮಾಡಿದ್ದಾರೆ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಏನೂ ಹೇಳದೆ ಇವರು ಬಸ್ಸು ಹತ್ತಿ ಬಂದಿದ್ದಾರೆ.

"ಈಗ ಇಟ್ಟಿಗೆ ಗೂಡಿನಾಗೆ ವಾಚ್‌ಮನ್ನು. ಕೈಯಾಗೆ ಬರೀ ಟಾರ್ಚು. ಕೋವಿ ಕೊಡೋ ಕೆಲಸಕ್ಕೆ ಅವನ್ನ ಯಾರೂ ಕರೆಯಾಕಿಲ್ಲ. ಅದಿರ್ಲಿ, ಅವನೇ ನಂಬ್ಕೊಂಡವ್ನೆ. 'ಮಳೇಲಿ ಗಾಬರಿಯಾಗಿ ನಾನೇ ಸರಿಯಾಗಿ ಒತ್ತಲಿಲ್ಲ ಕಣೋ' ಅಂತಾನೆ. ನನ್ನ ಎದುರಿಗೇ ಅಂತಾನೆ. ತುತ್ತು ಹೆಂಗೆ ಒಳಗೆ ಹೋಗ್ಬೇಕು ಹೇಳಿ."

ಆಮೇಲೆ ಮಾಡಿದ ಬಳೆಗಳನ್ನೆಲ್ಲ ಅವರು ಎಣ್ಣೆಯಲ್ಲಿ ನೆನೆಹಾಕಿದ್ದಾರೆ. ಪಿಸ್ತೂಲಿಗೂ ಬಳೆಗೂ ನಡುವೆ ಪೋಸ್ಟ್‌ಕಾರ್ಡು ತೂರುವಷ್ಟು ಸಂದು ಬಿಡುತ್ತಾರೆ. ಗಿರಾಕಿಗಳು ಮೂಗು ಮುರಿಯುತ್ತಾರೆ, ಕೆಲಸ ಒರಟು ಎನ್ನುತ್ತಾರೆ. ಒಬ್ಬರು ಬಳೆಯನ್ನು ಇಲ್ಲೇ ಬಿಟ್ಟೂ ಹೋದರಂತೆ. ಸಂದು ಮುಚ್ಚಲು ಮಾತ್ರ ಇವರು ಒಪ್ಪುವುದಿಲ್ಲ.

ಇಂಥ ಲೇಖನಗಳ ಕೊನೆಗೆ ಕೇಳುವ ಪ್ರಶ್ನೆಯೊಂದಿದೆ. ಕೇಳಿದೆ. ನಿಮಗೇನಾದರೂ ಆಸೆ? ಸಹಾಯಧನ, ಪ್ರಶಸ್ತಿ, ಒಂದು ಒಳ್ಳೇ ಮೆಷಿನ್ನು?

ಮುನಿಕೃಷ್ಣ ತೊಡೆಯ ಮೇಲಿನ ಮರದ ಪುಡಿ ಕೊಡವಿದರು. ಅನುಸೂಯಮ್ಮ ಬಾಗಿಲಿಗೆ ಬಂದು ನಿಂತರು.

"ಭಾನುವಾರದ ಪೇಪರು ಅಂದ್ರೆ ಚಿನ್ನಸ್ವಾಮಿಗೆ ಪ್ರಾಣ. ಟೀ ಅಂಗಡೀಲಿ ಕೂತು ಜೋರಾಗಿ ಓದ್ತಾನೆ, ಸುತ್ತ ಕೂತೋರೆಲ್ಲ ಕೇಳಿಸ್ಕೊಳ್ತಾರೆ. ನನ್ನ ಫೋಟೋ ಬೇಡ. ಮ್ಯಾಗಜಿನ್ ಬಿದ್ದಿದ್ದು ಚಿನ್ನಸ್ವಾಮಿ ಕೈಯಿಂದಲ್ಲ, ಮುನಿಕೃಷ್ಣ ಮಾಡಿದ ಬಳೆಯಿಂದ ಅಂತ ಬರೀರಿ."

"ಪೊಲೀಸ್ನೋರು ಬಂದ್ರೆ?" ಅಂದರು ಅನುಸೂಯಮ್ಮ.

"ಬರ್ಲಿ ಬಿಡು, ಇಲ್ಲೇ ಕೂತಿರ್ತೀನಲ್ಲ." ನನ್ನ ಕಡೆ ತಿರುಗಿದರು. "ಸ್ವಾಮಿ, ಊರಿನ ಹೆಸರೂ ಹಾಕಿ. ಸಮೇತನಹಳ್ಳಿ ಚಿನ್ನಸ್ವಾಮಿ ಅಂತ್ಲೇ ಹಾಕಿ. ಆ ಕಡೆ ಚಿನ್ನಸ್ವಾಮಿಗಳು ಬೇಕಾದಷ್ಟು ಜನ ಅವ್ರೆ. ಬೇರೆ ಯಾರೋ ಅಂದ್ಕೊಂಡು ಓದಿ ಮಡಿಸಿಟ್ಬಿಟ್ಟಾನು."