ಹೊಗೆಕೊಳವೆಗೆ ಗೋಣಿಯ ಅಂಗಿ
ಹಲಸೂರಿನ ಬೀದಿಗೆಲ್ಲ ಗೀಸರ್ ಬಂದ ಮೇಲೂ ಮರದ ಹೊಟ್ಟಿನ ಬಾಯ್ಲರ್ ಬಿಡದ ಮನೆ ಓನರ್ ಮುನಿಆಂಜನಪ್ಪನವರಿಗೆ, ಡಿಸೆಂಬರ್ ಬಂತೆಂದರೆ ಅದರ ಹೊಗೆಕೊಳವೆಗೆ ಅಂಗಿ ತೊಡಿಸುವ ಸಂಭ್ರಮ. ಗೋಣಿಯನ್ನು ಜೇಡಿಮಣ್ಣಿನಲ್ಲಿ ಅದ್ದಿ, ಮಗುವಿಗೆ ಕುಲಾವಿ ಕಟ್ಟುವಷ್ಟು ನಾಜೂಕಾಗಿ ಸುತ್ತುತ್ತ, “ಕೊಳವೆ ತಣ್ಣಗಾದ್ರೆ ಹೊಗೆ ಮೇಲಕ್ಕೇರಲ್ಲ ಕಣಪ್ಪ, ವಾಪಸ್ ನಮ್ ಬಚ್ಚಲಿಗೇ ಬರ್ತದೆ” ಎಂದು ದಾರಿಹೋಕರಿಗೂ ಪಾಠ ಹೇಳುತ್ತಿದ್ದರು. ಆ ಕೊಳವೆ ಮಹಡಿಯ ಬಾಡಿಗೆದಾರ ಕೇದಾರನ ಕೋಣೆಯನ್ನು ಹಾದು ತಾರಸಿಗೆ ಏರುತ್ತಿತ್ತು. ಸಂಬಳ, ಸ್ವೆಟರ್ ಎರಡೂ ತೆಳುವಾಗಿದ್ದ, ತಪ್ಪು ಹುಡುಕುವುದರಲ್ಲಿ ಮಾತ್ರ ಶ್ರೀಮಂತನಾಗಿದ್ದ ಕೇದಾರ, ತನ್ನ ಕೋಣೆಯಲ್ಲಷ್ಟೇ ಕೊಳವೆಯ ಬಿಸಿ ತಗಡು ಬರಿಮೈಯಲ್ಲಿರುವುದನ್ನು ಕಂಡು, “ಇಲ್ಲಿ ಸುತ್ತೋದು ಮರ್ತಿದೀರಲ್ರೀ” ಎಂದ. “ಮರ್ತಿಲ್ಲ ಕಣಪ್ಪ. ಬೆಳಗಿನ ಜಾವ ನಿನ್ ಹಲ್ಲು ಕಟಕಟ ಅನ್ನೋದು ಕೆಳಗ್ಗಂಟ ಕೇಳ್ಸುತ್ತೆ” ಎನ್ನುತ್ತ ಮುನಿಆಂಜನಪ್ಪನವರು, ಬಚ್ಚಲಿನ ಹೊಗೆಗೆ ಕೆಂಪಾಗಿದ್ದ ಕಣ್ಣುಗಳನ್ನು ಪಂಚೆಯ ಅಂಚಿನಿಂದ ಒರೆಸಿಕೊಂಡರು.