ಫಾತಿಮಕ್ಕ ತಿರುಗಿಸಿದ ಮಾತು

ಖಾರ ಮಂಡಕ್ಕಿಯ ಬೆಳ್ಳುಳ್ಳಿ ಒಗ್ಗರಣೆ ಎಲ್ಲಿ ಘಮ್ಮೆಂದರೂ ದಾವಣಗೆರೆಯ ಆ ಹಳೆಯ ಟಾಕೀಸಿನ ಹೆಂಗಸರ ಬೆಂಚುಗಳು ನನ್ನ ಕಣ್ಣಿಗೆ ಕಟ್ಟುತ್ತವೆ. ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು, ಕಂಕುಳಲ್ಲಿ ಕೂಸು ಎತ್ತಿಕೊಂಡು ಹಿಂದಿ ಸಿನಿಮಾಕ್ಕೆ ನುಗ್ಗುತ್ತಿದ್ದ ನಮ್ಮ ಓಣಿಯ ಹೆಂಗಸರಿಗೆ ಹಿಂದಿ ಎಲ್ಲಿ ಬರಬೇಕು! ಪಕ್ಕದ ಮನೆಯ ಫಾತಿಮಕ್ಕನೇ ಗತಿ. ಪರದೆಯ ಮೇಲಿನವರು ಬಾಯಿ ಮುಚ್ಚುವುದರೊಳಗೆ ಅವಳು ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು. ನಮ್ಮ ಸಾಲು ಅವಳ ಬಾಯಿ ನೋಡಿಕೊಂಡೇ ನಗುತ್ತಿತ್ತು, ಅಳುತ್ತಿತ್ತು.

ಆ ವರ್ಷ ಅಪ್ಪನ ತಂಗಿ ಗೌರತ್ತೆ ಗಂಡನ ಹೊಡೆತ ತಾಳಲಾರದೆ ಹರಿಹರದಿಂದ ತವರಿಗೆ ಬಂದು ಕೂತಿದ್ದಳು. ವಾಪಸು ಹೋಗುವ ಮಾತೆತ್ತಿದರೆ ನಡುಮನೆಯ ಕಂಬ ತಬ್ಬಿಕೊಂಡು ನಿಂತುಬಿಡುತ್ತಿದ್ದಳು. ಅಜ್ಜಿಗೋ ಒಂದೇ ಜಪ: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು." ಗಂಡನೇ ದೇವರು ಅನ್ನುವಂಥ ಸಿನಿಮಾ ಬಂದಿದೆಯೆಂದು ಕೇಳಿದ್ದೇ ತಡ, ಮಗಳಿಗೆ ಬುದ್ಧಿ ಬರಲಿ ಎಂದು ಅಜ್ಜಿಯೇ ನಮ್ಮನ್ನೆಲ್ಲ ಹೊರಡಿಸಿದಳು.

ಸಿನಿಮಾದಲ್ಲೂ ಒಬ್ಬಳು ಏಟು ತಿಂದು ತವರಿಗೆ ಬಂದಿದ್ದಳು. ಕೊನೆಗೆ ಗಂಡ ಬಾಗಿಲಿಗೆ ಬಂದಾಗ ಕೈಮುಗಿದು ಏನೋ ಅಂದಳು.

"ಏನಂತಾಳ ಫಾತಿಮಕ್ಕ?" ಗೌರತ್ತೆ ಮುಂದಕ್ಕೆ ಬಾಗಿ ಕೇಳಿದಳು.

ಫಾತಿಮಕ್ಕ ಅವಳ ಮುಖವನ್ನೇ ನೋಡಿದಳು. "ನಾ ಬರಂಗಿಲ್ಲ, ನಿನ್ ದಾರಿ ನೀ ನೋಡ್ಕ, ಅಂತಾಳ."

ಅಯ್ಯೋ, ಆ ಗಳಿಗೆ ಗೌರತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! ಪರದೆಯ ಮೇಲಿನವಳು ಹಾಗೆ ಅಂದಿರಲೇ ಇಲ್ಲ. ಮರುಕ್ಷಣವೇ ಗಂಡನ ಕಾಲಿಗೆ ಬಿದ್ದು, ಪಾದದ ಧೂಳು ಹಣೆಗೆ ಹಚ್ಚಿಕೊಂಡು, ಅವನ ಹಿಂದೆಯೇ ಗಾಡಿ ಹತ್ತಿದಳು. ಮಾತನ್ನಾದರೆ ಫಾತಿಮಕ್ಕ ತಿರುಚಬಹುದಿತ್ತು, ಕಣ್ಣೆದುರಿನ ಚಿತ್ರವನ್ನು ಏನು ಮಾಡಿಯಾಳು? "ಬರಂಗಿಲ್ಲ ಅಂದಾಕಿ ಯಾಕ ಹೊಂಟ್ಲು?" ಎಂದು ಅಜ್ಜಿ ಗದರಿದಳು. ಸುತ್ತಲಿನ ಹೆಂಗಸರೆಲ್ಲ "ಎಂಥಾ ಗರತಿ!" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ವಾರವೇ ಗೌರತ್ತೆಯನ್ನು ಸ್ಟೇಷನ್ನಿಗೆ ಕರೆತಂದರು. ನಾನು ಅವಳ ಸೀರೆ ಹಿಡಿದು ಗೋಳಾಡಿದೆ, ಚೋಟುದ್ದದ ಹುಡುಗಿಯ ಮಾತು ಯಾರು ಕೇಳಬೇಕು? ರೈಲು ಹತ್ತುವ ಮುನ್ನ ಅವಳು, ಕಳಿಸಿಕೊಡಲು ಬಂದಿದ್ದ ಫಾತಿಮಕ್ಕನ ಕೈ ಹಿಡಿದುಕೊಂಡಳು. "ಗಾಡಿ ಹತ್ತಿದ ಮ್ಯಾಲೆ ಅವ್ಳು ಏನಾದ್ಲಕ್ಕ?"

"ಅಲ್ಲಿಗೇ ಸಿನ್ಮಾ ಮುಗೀತಲ್ಲವ್ವಾ," ಅಂದಳು ಫಾತಿಮಕ್ಕ, ತಲೆ ತಗ್ಗಿಸಿ.

ಈಗ ಅಜ್ಜಿಯಿಲ್ಲ, ಫಾತಿಮಕ್ಕನಿಲ್ಲ, ಆ ಮನೆಯೂ ಇಲ್ಲ. ಗೌರತ್ತೆ ಮತ್ತೆ ಬರಲಿಲ್ಲ, ಅವಳು ತೀರಿಹೋದ ಸುದ್ದಿಯಷ್ಟೇ ಬಂತು. ಹರಿಹರವೇನು ಕಾಶಿಯೇ? ರೈಲಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವುದರೊಳಗೆ ಬಂದುಬಿಡುತ್ತದೆ. ನಮ್ಮ ಮನೆಯವರು ಯಾರೂ ಒಮ್ಮೆಯೂ ಹೋಗಿ ಅವಳನ್ನು ಕರೆತರಲಿಲ್ಲ.