ವಾರ್ತೆ ಅಕ್ಕನ ದೇವರಿಲ್ಲದ ಮನೆ

ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರನ್ನು ಅವರನ್ನು ಹಗಲೆಲ್ಲ ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಆ ಹೆಂಗಸು ಸುಮ್ಮನೆ ಕಳಿಸುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ಅಂದು ಆ ಮಗುವಿಗೆ ಏನೇನು ಎಡವಟ್ಟಾಯಿತು ಎಂಬುದನ್ನೆಲ್ಲ ಒಪ್ಪಿಸಿದ ಮೇಲೆಯೇ ದಾರಿ ಬಿಡುತ್ತಿದ್ದಳು.

"ಮೇಜಿನ ಕಾಲಿಗೆ ಹಣೆ ಗುದ್ದಿಸ್ಕೊಂಡ. ನಾನು ಹಾಲು ಬಿಸಿ ಮಾಡ್ತಿದ್ದೆ, ನೋಡ್ಲಿಲ್ಲ. ತಪ್ಪು ನಂದೇ."

"ಇವಳು ಪಕ್ಕದವನ ಕಿವಿ ಕಚ್ಚಿದ್ಲು. ಅವನೂ ಕಚ್ಚಿದ. ಇಬ್ರೂ ಸೇರ್ಕೊಂಡು ಅತ್ರು."

ಅದಕ್ಕೇ ತಾಯ್ತಂದೆಯರು ಅವಳಿಗೆ ವಾರ್ತೆ ಅಕ್ಕ ಎಂದು ಹೆಸರಿಟ್ಟಿದ್ದರು. "ವಾರ್ತೆ ಆಯ್ತಲ್ಲ ಅಕ್ಕ, ಹವಾಮಾನ ಹೇಗಿದೆ?" ಎಂದು ಒಬ್ಬ ತಂದೆ ಕಿಚಾಯಿಸಿದರೆ, "ನಿಮ್ಮ ಮಗನ ಚಡ್ಡಿ ಒದ್ದೆ ಇದೆ, ಬೇಗ ಮನೆ ಸೇರ್ಕೊಳ್ಳಿ" ಎನ್ನುತ್ತಿದ್ದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಪಾಪುವಿನ ತಾಯಿಗೆ ಮಾತ್ರ ಈ ವಾರ್ತೆ ನಗು ತರಿಸುತ್ತಿರಲಿಲ್ಲ. ಅವಳು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಔಷಧಿ ಪೊಟ್ಟಣದೊಳಗೆ ಮಡಚಿ ಇಡುವ ಸಣ್ಣಕ್ಷರದ ಚೀಟಿಗಳು ಅವಳ ಪಾಲಿಗೆ ಬರುತ್ತಿದ್ದವು. ಅಪರೂಪವಾಗಿ ಉಸಿರುಗಟ್ಟಬಹುದು, ಬಹಳ ಅಪರೂಪವಾಗಿ ಪ್ರಜ್ಞೆ ತಪ್ಪಬಹುದು ಎಂಬುದನ್ನೇ ಬೆಳಗಿನಿಂದ ಸಂಜೆಯವರೆಗೆ ಓದುವವಳಿಗೆ ಅಪರೂಪವೆಂಬುದು ಯಾವುದೂ ಉಳಿದಿರಲಿಲ್ಲ. ಇನ್ನೂ ನೆಟ್ಟಗೆ ಮಾತು ಬಾರದ, ಓಡಲು ಮಾತ್ರ ಚೆನ್ನಾಗಿ ಕಲಿತಿದ್ದ ಮಗಳನ್ನು ಬಿಟ್ಟುಬರುವಾಗ ಅವಳು ಬೀದಿಯ ತಿರುವಿನವರೆಗೂ ಹಿಂದಿರುಗಿ ನೋಡುತ್ತಿದ್ದಳು. ಬಿಡದೆ ವಿಧಿಯಿರಲಿಲ್ಲ. ಗಂಡ ಪಾಳಿ ಕೆಲಸದವನು. ಅತ್ತೆಗೆ ಮೊಮ್ಮಗಳ ಮೇಲೆ ಜೀವ, ಆದರೆ ಮೊಣಕಾಲುಗಳು ಎಂದೋ ಕೈಕೊಟ್ಟಿದ್ದವು.

ಆ ಅತ್ತೆ ಒಂದು ದಿನ ಹಟ ಹಿಡಿದು, ಕೋಲೂರಿಕೊಂಡು ಅಕ್ಕನ ಮನೆ ನೋಡಲು ಬಂದರು. ಬೀದಿ ಮಟ್ಟಕ್ಕಿದ್ದ ಎರಡು ಕೋಣೆ. ಕಿಟಕಿಯ ಕೆಳಗೆ ಸಾಲಾಗಿ ಸುತ್ತಿಟ್ಟ ಹಾಸಿಗೆಗಳು, ಮೂಲೆಗಳಿಗೆಲ್ಲ ಹಳೆಯ ಕಂಬಳಿ ತುಂಡು ಕಟ್ಟಿದ ಮೇಜು, ಹಾಲು, ಸೋಪು ಬೆರೆತ ವಾಸನೆ. ಅತ್ತೆ ನಾಲ್ಕು ಗೋಡೆಗಳನ್ನೂ ನೋಡಿದರು.

"ದೇವರನ್ನ ಎಲ್ಲಿ ಇಟ್ಟಿದ್ದೀಯಮ್ಮ?"

"ಇಟ್ಟಿಲ್ಲಮ್ಮ. ನಂಗೆ ನಂಬಿಕೆ ಇಲ್ಲ."

"ಅಯ್ಯೋ, ಯಾಕೆ? ಏನಾಯ್ತು?"

"ಏನೂ ಆಗ್ಲಿಲ್ಲ."

"ಯಾರಾದ್ರೂ ಹೋಗ್ಬಿಟ್ರಾ? ಮನಸ್ಸು ಮುರೀತಾ?"

"ಇಲ್ಲಮ್ಮ. ಅವನ ಜೊತೆ ಜಗಳ ಏನಿಲ್ಲ. ಇದ್ದಾನೆ ಅಂತ ಅನ್ನಿಸ್ಲಿಲ್ಲ, ಅಷ್ಟೇ. ಕಾಲು ಚಾಚ್ಕೊಂಡು ಕೂತ್ಕೊಳ್ಳಿ, ನೋವಿರುತ್ತೆ."

ಮನೆಗೆ ಬಂದವರೇ ಅತ್ತೆ ಕುರ್ಚಿಯಲ್ಲಿ ಕುಸಿದರು. "ಕೋಪ ಇರೋರು ಪರವಾಗಿಲ್ಲ, ಕೋಪ ಇಳಿಯುತ್ತೆ. ಇವಳಿಗೆ ಕೋಪಾನೂ ಇಲ್ಲ. ಮೇಲೊಬ್ಬ ನೋಡ್ತಿದ್ದಾನೆ ಅನ್ನೋ ಅಂಜಿಕೆ ಇಲ್ಲದೋಳು, ಯಾರೂ ಇಲ್ಲದ ಹೊತ್ತಲ್ಲಿ ಮಗೂನ ಏನು ಮಾಡ್ತಾಳೋ ಯಾರಿಗೆ ಗೊತ್ತು? ಹೊಡೆದ್ರೆ ಹೇಳೋಕೆ ನಮ್ಮ ಪಾಪುಗೆ ಬಾಯಿ ಬರುತ್ತಾ?"

ಅತ್ತೆಯ ಮಾತು ಹಳೆಯ ಕಾಲದ್ದು ಎಂದು ಸೊಸೆ ಬಾಯಲ್ಲಿ ಅಂದಳು. ಮರುದಿನ ಕರಡಿನ ಮೇಲೆ ಕಣ್ಣೋಡಿಸುತ್ತಿದ್ದಾಗ ಅದೇ ಮಾತು ಸಾಲುಗಳ ನಡುವೆ ನುಸುಳಿತು. ಯಾರೂ ನೋಡದಾಗ ಆ ಹೆಂಗಸನ್ನು ತಡೆಯುವುದು ಏನು? ಇಷ್ಟೆಲ್ಲ ತಾನಾಗಿ ಹೇಳುವವಳು ಹೇಳದೆ ಉಳಿಸಿಕೊಂಡದ್ದು ಎಷ್ಟಿರಬಹುದು? ನೀನು ದೇವರನ್ನು ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಅವಳು ಹೌದು ಎನ್ನುತ್ತಿದ್ದಳು, ಆದರೆ ಆ ನಂಬಿಕೆ ಮೂಲೆಯಲ್ಲಿಟ್ಟ ಕೊಡೆಯ ಹಾಗೆ, ಮಳೆ ಬಂದಾಗ ಮಾತ್ರ ನೆನಪಾಗುವಂಥದ್ದು. ಈಗ ಅವಳಿಗೆ ದಿನವೂ ಮಳೆ.

ಆ ಸಂಜೆ ಕೇಳಿಯೇಬಿಟ್ಟಳು. "ಅಕ್ಕ, ತಪ್ಪು ತಿಳ್ಕೋಬೇಡಿ. ದೇವರಿಲ್ಲ ಅಂದ್ಮೇಲೆ ನಿಮ್ಗೆ ಭಯ ಯಾರದ್ದು?"

ಅಕ್ಕ ಒಬ್ಬನ ಮೂಗು ಒರೆಸುತ್ತಿದ್ದಳು. "ಮಕ್ಕಳನ್ನ ನೋಡ್ಕೊಳ್ಳೋಕೇ ಪುರುಸೊತ್ತಿಲ್ಲ. ಇದನ್ನ ಬೇರೆ ಕೂತು ಯೋಚಿಸ್ಲಾ?" ಆಮೇಲೆ ಎದುರಿಗಿರುವವಳ ಮುಖ ನೋಡಿ ಸ್ವಲ್ಪ ಮೆತ್ತಗಾದಳು. ತಾನು ಮೊದಲು ಗಾಜಿನ ಸೀಸೆ ಕಾರ್ಖಾನೆಯಲ್ಲಿದ್ದೆ ಎಂದಳು. ಬೆಳಕಿನ ಹಲಗೆಯ ಮುಂದೆ ಓಡುವ ಪಟ್ಟಿಯ ಮೇಲೆ ಸೀಸೆಗಳು ಒಂದರ ಹಿಂದೊಂದು ಸಾಗುತ್ತವೆ, ಬಿರುಕಿದ್ದದ್ದನ್ನು ಎತ್ತಿಡಬೇಕು. ಕಣ್ಣು ತಪ್ಪಿ ಒಂದು ಮುಂದೆ ಹೋಯಿತೋ, ಕೂಗಿ ಪಟ್ಟಿ ನಿಲ್ಲಿಸಬೇಕು. ನಿಲ್ಲಿಸಿದರೆ ಇಡೀ ಸಾಲಿನವರಿಗೆ ತಡ, ಎಲ್ಲರ ಬೈಗುಳ. "ನಾನು ಕೂಗ್ತಿದ್ದೆ. ಒಂದಿನ ಊಟದ ಹೊತ್ತಲ್ಲಿ ಯಾರೂ ನನ್ನ ಪಕ್ಕ ಕೂರ್ಲಿಲ್ಲ."

"ಯಾಕೆ ಕೂಗ್ತಿದ್ರಿ?"

"ಬಿರುಕಿತ್ತಲ್ಲ."

ಅಷ್ಟೇ ಉತ್ತರ. ಕಾರ್ಖಾನೆ ಮುಚ್ಚಿದ ಮೇಲೆ ಪಕ್ಕದ ಮನೆಯ ಮಗುವನ್ನು ನೋಡಿಕೊಂಡಳು, ಅದರ ತಂಗಿ ಬಂತು, ಬೀದಿಯ ಮಕ್ಕಳು ಬಂದರು. ಅಕ್ಕನ ಗಂಡ ಕಾವಲುಗಾರ, ವಾರ ತಪ್ಪದೆ ಪ್ರಾರ್ಥನೆಗೆ ಹೋಗುವವನು. ಅವನ ಅಂಗಿಗೆ ಇಸ್ತ್ರಿ ಹಾಕಿಕೊಡುವವಳು ಇವಳೇ. "ಹೋಗೋದು ಅಷ್ಟು ದೊಡ್ಡೋರ ಹತ್ರ. ಮುದುರಿದ ಅಂಗೀಲಿ ಕಳ್ಸೋಕಾಗುತ್ತಾ?" ಎಂದಳು. ಅಣಕವೋ ನಿಜವೋ ತಾಯಿಗೆ ತಿಳಿಯಲಿಲ್ಲ.

ಬಿರುಕಿತ್ತಲ್ಲ ಎಂಬ ಉತ್ತರ ಅವಳಿಗೆ ಸಾಲಲಿಲ್ಲ. ಮಗುವನ್ನು ಬಿಡಿಸಿ, ಎರಡು ಬೀದಿ ಆಚೆಗಿನ ಟೀಚರಮ್ಮನ ಶಿಶುಮನೆಗೆ ಸೇರಿಸಿದಳು.

ಟೀಚರಮ್ಮ ನಿವೃತ್ತ ಶಿಕ್ಷಕಿ, ದೈವಭಕ್ತೆ. ಬೆಳಿಗ್ಗೆ ಮಕ್ಕಳನ್ನೆಲ್ಲ ಕೂರಿಸಿ ಕೈ ಮುಗಿಸುತ್ತಿದ್ದರು. ಪಾಪು ಒಂದು ಕೈ ಮುಗಿದು ಇನ್ನೊಂದು ಕೈಯ ಬೆರಳು ಚೀಪುತ್ತಿತ್ತು. ಸಂಜೆ ಹೋದರೆ ಟೀಚರಮ್ಮ ನಗುನಗುತ್ತಾ, "ಬಂಗಾರದಂಥ ಮಗು ಕಣಮ್ಮ. ಏನೂ ತೊಂದರೆ ಇಲ್ಲ, ದೇವರ ದಯೆ" ಎನ್ನುತ್ತಿದ್ದರು. ಮೊದಲ ಕೆಲವು ವಾರ ಆ ಮಾತು ಎದೆಗೆ ತಂಪೆರೆದಂತಿತ್ತು. ಅತ್ತೆಯೂ ನೆಮ್ಮದಿಯಾಗಿದ್ದರು. ಆಮೇಲಾಮೇಲೆ, ಯಾಕೋ, ಆ ತಂಪೇ ಕೊರೆಯತೊಡಗಿತು. ಮನೆಯಲ್ಲಿ ಕಣ್ಣೆದುರೇ ದಿನಕ್ಕೆ ಹತ್ತು ಕಡೆ ಎಡವುವ ಮಗು ಅಲ್ಲಿ ಒಂದು ಸಲವೂ ಬೀಳುವುದಿಲ್ಲವೇ?

ಭಾನುವಾರ ತಲೆಗೆ ನೀರು ಹಾಕುವಾಗ ಬೆರಳಿಗೆ ಏನೋ ಒರಟಾಗಿ ತಗುಲಿತು. ಕಿವಿಯ ಹಿಂದೆ, ಕೂದಲೊಳಗೆ, ಒಣಗಿ ಹಕ್ಕುಗಟ್ಟಿದ ಗಾಯ. ಸುತ್ತ ಇನ್ನೂ ಹಳದಿಗೆ ತಿರುಗುತ್ತಿದ್ದ ಬಾವು. ಅವಳಿಗೆ ಆ ವಾರದ ಮೊದಲಲ್ಲಿ ಮಗು ವಾಂತಿ ಮಾಡಿಕೊಂಡದ್ದು, ಸಂಜೆಯೇ ಮಂಕಾಗಿ ಮಲಗಿದ್ದು, ಹಾಲು ಕೆಟ್ಟಿರಬೇಕು ಎಂದು ತಾವೆಲ್ಲ ಹಾಲಿನವನನ್ನು ಬೈದದ್ದು ನೆನಪಾಗಿ, ಒದ್ದೆ ತಲೆಯಲ್ಲೇ ಮಗುವನ್ನು ಎತ್ತಿಕೊಂಡು ವೈದ್ಯರ ಬಳಿಗೆ ಓಡಿದಳು. ವೈದ್ಯರು ಕಣ್ಣಿಗೆ ದೀಪ ಬಿಟ್ಟು, ತಲೆ ತಡವಿ, ಈಗ ಹೆದರುವಂಥದ್ದು ಏನಿಲ್ಲ ಎಂದರು. "ಆದರೆ ಅವತ್ತೇ ಕರ್ಕೊಂಡು ಬರಬೇಕಿತ್ತು" ಎಂದೂ ಸೇರಿಸಿದರು. ಗೊತ್ತಿದ್ದರೆ ತಾನೆ.

ಟೀಚರಮ್ಮನ ಮನೆಗೆ ಜಗಳಕ್ಕೆಂದೇ ಹೋದಳು. ಜಗಳ ಆಗಲಿಲ್ಲ. ಟೀಚರಮ್ಮ ಅತ್ತರು.

"ಬೆಂಚಿನ ಮೇಲಿಂದ ಬಿತ್ತಮ್ಮ. ನಾನು ಆ ಕಡೆ ತಿರುಗಿದ್ದೆ. ಅವತ್ತೇ ದೇವರ ಮುಂದೆ ಕೂತು ಎಲ್ಲಾ ಹೇಳ್ಕೊಂಡೆ. ಊಟ ಬಿಟ್ಟೆ. ಮಗೂಗೆ ಏನೂ ಆಗದಿರಲಿ ಅಂತ ಬೇಡ್ಕೊಂಡೆ. ಬೇಡ್ಕೊಂಡ್ಮೇಲೆ ಮನಸ್ಸು ಹಗುರಾಯ್ತು, ಅವನು ಕ್ಷಮಿಸಿದ ಅನ್ನಿಸ್ತು. ಆಮೇಲೆ ನಿಮ್ಗೆ ಹೇಳಿ ಯಾಕೆ ನೋಯಿಸ್ಬೇಕು ಅಂತ..."

ಸುಳ್ಳು ಹೇಳುವವರ ಮುಖವಲ್ಲ ಅದು. ಮಗುವಿನ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ಊಟ ಬಿಟ್ಟು ಬೇಡಿಕೊಂಡದ್ದು ನಿಜವೇ ಇರಬೇಕು. ಅದೆಲ್ಲ ನಿಜವಾದದ್ದರಿಂದಲೇ ಅವಳಿಗೆ ಬೈಯಲು ಬಾಯಿ ಬರಲಿಲ್ಲ.

ಮನೆಯಲ್ಲಿ ಅತ್ತೆಗೆ ಬಾಯಿ ಬಂತು. "ದೇವರಿಗೆ ಹೇಳಿದ್ಲಂತಾ? ದೇವರೇನು ಪಾಪುನ ಎತ್ಕೊಂಡು ಡಾಕ್ಟರ ಹತ್ರ ಓಡ್ತಾನಾ? ಅವನ ಹೆಸರಲ್ಲಿ ಕದ ಹಾಕ್ಕೊಂಡು ಕೂತೋಳು ಅವಳು." ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡು, "ಆ ವಾರ್ತೆಯವಳ ಹತ್ರಾನೇ ಕಳ್ಸು" ಎಂದರು.

"ಅವಳಿಗೆ ದೇವರ ಭಯ ಇಲ್ಲ ಅಂದ್ರಲ್ಲ ಅತ್ತೆ."

"ಇದೆ ಕಣೇ. ಇರೋದು ಅವಳಿಗೆ ಗೊತ್ತಿಲ್ಲ, ಅಷ್ಟೇ."

ಮತ್ತೆ ಸೇರಿಸಿಕೊಳ್ಳುತ್ತೀರಾ ಎಂದು ಅಕ್ಕನನ್ನು ಕೇಳಲು ಹೋದಾಗ ಸೊಸೆ ಈ ಮಾತನ್ನೂ ಒಪ್ಪಿಸಿದಳು. ಅಕ್ಕನಿಗೆ ಅಪರೂಪದ ನಗು ಬಂತು. "ನಿಮ್ಮತ್ತೆಗೆ ಹಾಗನ್ನಿಸಿದ್ರೆ ಹಾಗೇ ಇರ್ಲಿ ಬಿಡಿ." ಆಮೇಲೆ ಬೆಂಚಿನ ಕಥೆ ಕೇಳಿ ಗಂಭೀರವಾದಳು. "ಟೀಚರಮ್ಮ ಕೆಟ್ಟೋರಲ್ಲ. ಅವರಿಗೆ ಹೇಳ್ಕೊಳ್ಳೋಕೆ ಒಬ್ಬನಿದ್ದಾನೆ. ನಂಗೆ ಯಾರಿದ್ದಾರೆ? ನಿಮಗೇ ಹೇಳ್ಬೇಕು. ಹೇಳ್ದಿದ್ರೆ ಹೊಟ್ಟೇಲೇ ಕೂತಿರುತ್ತೆ, ಅನ್ನ ಇಳಿಯಲ್ಲ. ಇದನ್ನ ಒಳ್ಳೇತನ ಅನ್ಕೋಬೇಡಿ ಮತ್ತೆ."

ಒಳ್ಳೆಯತನ ಅಲ್ಲದಿದ್ದರೆ ಮತ್ತೇನು? ನಾಳೆ ಅನ್ನ ಸಲೀಸಾಗಿ ಇಳಿಯಿತೆಂದರೆ? ತಾಯಿಯ ತಲೆಯೊಳಗೆ ಈ ಪ್ರಶ್ನೆ ಗುಂಗಿಹುಳದಂತೆ ಸುತ್ತುತ್ತಲೇ ಇತ್ತು. ಅತ್ತೆಯೂ ದೇವರನ್ನು ನಂಬುವವರು, ಟೀಚರಮ್ಮನೂ ನಂಬುವವರು. ಒಬ್ಬರು ಅವನ ಹೆಸರಲ್ಲಿ ಕದ ಹಾಕಿಕೊಂಡರು, ಇನ್ನೊಬ್ಬರು ಅದಕ್ಕೇ ಅವರನ್ನು ಬೈದರು. ಹಾಗಾದರೆ ನಂಬಿಕೆಯಿಂದ ಏನು ಗೊತ್ತಾದಂತಾಯಿತು?

ಸೋಮವಾರ ಬೆಳಿಗ್ಗೆ, ಅಕ್ಕನ ಮನೆಗೆ ಹೊರಡುವ ಅವಸರದಲ್ಲಿ, ಅವಳು ಒಂದು ಕೈಯಲ್ಲಿ ಮಗುವಿನ ಅಂಗಿಯ ಗುಂಡಿ ಹಾಕುತ್ತಾ ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಿದ್ದಳು. ಸ್ಟೂಲಿನ ಮೇಲೆ ನಿಂತಿದ್ದ ಪಾಪು ಹಿಂದಕ್ಕೆ ವಾಲಿತು. ತಲೆ ನೆಲಕ್ಕೆ ಬಡಿದ ಸದ್ದಾಗಲಿ, ಆಮೇಲಿನ ಅಳುವಾಗಲಿ ಅಡುಗೆಮನೆಯ ನಲ್ಲಿಯ ಸದ್ದಿನಲ್ಲಿ ಅತ್ತೆಗೆ ಕೇಳಿಸಲಿಲ್ಲ. ಗಂಡ ಆಗಲೇ ಹೋಗಿದ್ದ.

ಬಸ್ಸಿನಲ್ಲಿ ಮಗಳನ್ನು ಅವುಚಿಕೊಂಡು ಕೂತವಳ ಕಣ್ಣು ತಾನಾಗಿ ಮುಚ್ಚಿತು. ತಪ್ಪಾಯಿತು ದೇವರೇ, ಇವಳಿಗೆ ಏನೂ ಆಗದಿರಲಿ, ಇನ್ನೊಂದು ಸಲ ಫೋನ್ ಮುಟ್ಟುವುದಿಲ್ಲ. ಮಗು ಕಿಟಕಿಯಾಚೆ ನೋಡಿ ಏನೋ ತೊದಲಿತು. ಎದೆಯ ಭಾರ ಮೆಲ್ಲಗೆ ಇಳಿಯಿತು. ಏನೂ ಆಗಿಲ್ಲ, ಗಾಯವಿಲ್ಲ, ಯಾರಿಗೂ ಹೇಳುವ ಅಗತ್ಯವಿಲ್ಲ. ಹೇಳಿದರೆ ಅಕ್ಕ ಏನೆಂದುಕೊಂಡಾಳು, ಎಂಥ ತಾಯಿ ಎನ್ನುವುದಿಲ್ಲವೇ.

ಮನಸ್ಸು ಅಷ್ಟು ಸುಲಭವಾಗಿ ಹಗುರವಾದದ್ದು ಕಂಡು ಅವಳು ಬೆಚ್ಚಿದಳು. ಇಳಿಯಬೇಕಾದ ಕಡೆ ಇಳಿದು, ಹೆಚ್ಚುಕಡಿಮೆ ಓಡಿದಳು.

ಅಕ್ಕ ಬಾಗಿಲಲ್ಲಿದ್ದಳು.

"ಸ್ಟೂಲ್ ಮೇಲಿಂದ ಬಿದ್ಲು ಅಕ್ಕ. ಹೊರಡೋಕೆ ಮುಂಚೆ. ನಾನು ಫೋನ್ ನೋಡ್ತಿದ್ದೆ. ಮನೇಲಿ ಯಾರಿಗೂ ಹೇಳಿಲ್ಲ."

ಎಂಥ ತಾಯಿ ಎಂದು ಅಕ್ಕ ಅನ್ನಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ಮಗುವಿನ ಹಿಂದಲೆ ತಡವಿದಳು. "ಬಿದ್ದ ತಕ್ಷಣ ಅತ್ತಳಾ?"

"ಒಂದು ಗಳಿಗೆ ಬಿಟ್ಟು ಅತ್ಲು."

"ಹಾಗಾದ್ರೆ ಆಫೀಸಿಗೆ ಈಗ್ಲೇ ಹೋಗ್ಬೇಡಿ. ಕೂತ್ಕೊಳ್ಳಿ. ಒಂದಷ್ಟು ಹೊತ್ತು ಇಬ್ರೂ ನೋಡೋಣ. ಮಂಕಾದ್ರೆ, ಕಕ್ಕಿದ್ರೆ, ಎತ್ಕೊಂಡು ಹೊರಡೋದೇ."

ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಅವಳು ಕೂತಳು. ಪಾಪು ಓಡಿಹೋಗಿ ಯಾರದೋ ಕೈಯ ಚೆಂಡು ಕಿತ್ತುಕೊಂಡಿತು. ಕಿತ್ತುಕೊಂಡದ್ದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ಎಂದು ತಿಳಿಯಲು ತಾಯಿ ಅಕ್ಕನ ಮುಖವನ್ನೇ ದಿಟ್ಟಿಸಿದಳು, ಕಣ್ಣು ಕೀಳದೆ.

"ನನ್ನನ್ನ ನೋಡ್ಬೇಡಿ" ಎಂದಳು ಅಕ್ಕ. "ಮಗೂನ ನೋಡಿ."